ಮೇಲ್ಮನೆಯ ಸದ್ದು, ಕೆಳಮನೆಯ ದೂರು: ಮಾಲೀಕನಾಗಿ ನಾನು ಎಲ್ಲಿಂದ ಆರಂಭಿಸಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು ಎರಡು ಅಂತಸ್ತಿನ, ನಾಲ್ಕು ಮನೆಗಳ ಕಟ್ಟಡ. ನಾನು ಅಲ್ಲಿ ವಾಸಿಸುವುದಿಲ್ಲ. ಕೆಳಗಿನ ಒಂದು ಮನೆಯಲ್ಲಿ ಆರು ವರ್ಷಗಳಿಂದ ವಯಸ್ಸಾದ ದಂಪತಿ ಇದ್ದಾರೆ. ಅವರ ಬಾಡಿಗೆ ಒಂದು ತಿಂಗಳೂ ತಡವಾದದ್ದಿಲ್ಲ, ಈವರೆಗೆ ಯಾವ ತಕರಾರನ್ನೂ ಎತ್ತಿದವರಲ್ಲ. ಅವರ ನೆತ್ತಿಯ ಮೇಲಿನ ಮನೆಗೆ ಎಂಟು ತಿಂಗಳ ಹಿಂದೆ ಇಬ್ಬರು ಚಿಕ್ಕ ಮಕ್ಕಳಿರುವ ಕುಟುಂಬವೊಂದು ಬಂದಿತು. ಮೊದಲ ತಿಂಗಳಿನಿಂದಲೇ ದೂರುಗಳು ಶುರುವಾದವು: ಮಕ್ಕಳು ಓಡುವ ಸದ್ದು, ಕುರ್ಚಿ ಎಳೆಯುವ ಸದ್ದು, ರಾತ್ರಿ ಹನ್ನೊಂದರ ನಂತರವೂ ಎದೆಗೆ ಗುದ್ದುವಂತೆ ಕೇಳುವ ಸಂಗೀತದ ಢಂಢಂ. ಕಳೆದ ಮೂರು ವಾರಗಳಲ್ಲಿ ನನಗೆ ಹನ್ನೊಂದು ಸಂದೇಶಗಳು ಬಂದಿವೆ.

ಮೇಲಿನವರಿಗೆ ಎರಡು ಬಾರಿ ಬಾಯಿಮಾತಿನಲ್ಲಿ ಹೇಳಿದೆ. ಮೊದಲ ಸಲ ಆಯಿತು ಎಂದರು. ಎರಡನೆಯ ಸಲ, "ಹಾಗಾದರೆ ನಾವು ನಮ್ಮ ಮನೆಯಲ್ಲಿ ನಡೆಯಲೂ ಬಾರದೇ?" ಎಂದು ಆ ಮನೆಯ ಯಜಮಾನರು ದನಿ ಏರಿಸಿದರು. ಅದಾದ ಮೇಲಿನ ಎರಡು ತಿಂಗಳು ಅವರ ಬಾಡಿಗೆಯೂ ಹತ್ತು ಹನ್ನೆರಡು ದಿನ ತಡವಾಗಿದೆ; ಬೇಕೆಂದೇ ತಡ ಮಾಡುತ್ತಿದ್ದಾರೆಂದು ನನಗೆ ಅನಿಸುತ್ತಿದೆ. ಇತ್ತ ಕೆಳಗಿನವರು, ಪರಿಸ್ಥಿತಿ ಸುಧಾರಿಸದಿದ್ದರೆ ಬಾಡಿಗೆಯಲ್ಲಿ ಒಂದು ಪಾಲನ್ನು ಹಿಡಿದುಕೊಳ್ಳುವುದಾಗಿಯೂ, ಕೊನೆಗೆ ಮನೆ ಖಾಲಿ ಮಾಡುವುದಾಗಿಯೂ ಹೇಳುತ್ತಿದ್ದಾರೆ. ಬಾಡಿಗೆ ಕರಾರಿನಲ್ಲಿ ಈ ವಿಷಯಕ್ಕೆ ಇರುವುದು "ನೆರೆಹೊರೆಯವರಿಗೆ ತೊಂದರೆಯಾಗದಂತೆ ವಾಸಿಸತಕ್ಕದ್ದು" ಎಂಬ ಒಂದೇ ಸಾಲು.

ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡರೆ ಅದು ಸಾಕ್ಷ್ಯವಾಗುತ್ತದೆಯೇ? ಮೇಲಿನ ಕುಟುಂಬವನ್ನು ಬಿಡಿಸಬೇಕೆಂದರೆ ಸರಿಯಾದ ಕ್ರಮ ಯಾವುದು? ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಹಲವು ವರ್ಷಗಳಿಂದ ಬಾಡಿಗೆ ಮನೆಗಳನ್ನು ನೋಡಿಕೊಳ್ಳುತ್ತಿರುವವರು

ತಮ್ಮ ಕೊನೆಯ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ ಎಂದು ವಿನಂತಿಸುತ್ತೇನೆ. ಯಾರನ್ನು ಬಿಡಿಸಬೇಕು ಎಂಬುದನ್ನು ತಾವು ಆಗಲೇ ನಿರ್ಧರಿಸಿದಂತಿದೆ, ಆದರೆ ಆ ಸದ್ದನ್ನು ತಾವು ಒಮ್ಮೆಯಾದರೂ ಕೆಳಗಿನ ಮನೆಯಲ್ಲಿ ಕುಳಿತು ಕೇಳಿದ್ದೀರೆಂದು ತಮ್ಮ ಬರಹದಲ್ಲಿ ಎಲ್ಲಿಯೂ ಕಾಣಲಿಲ್ಲ.

ತಮ್ಮ ದೂರಿನಲ್ಲಿ ವಾಸ್ತವವಾಗಿ ಮೂರು ಬೇರೆ ಬೇರೆ ಸಂಗತಿಗಳು ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಮಕ್ಕಳ ಓಡಾಟ ಬದುಕಿನ ಸಹಜ ಸದ್ದು; ಅದನ್ನು ಕಡಿಮೆ ಮಾಡಲು ಕೇಳಿಕೊಳ್ಳಬಹುದೇ ಹೊರತು ನಿಷೇಧಿಸಲಾಗದು. ಕುರ್ಚಿ ಎಳೆಯುವುದು ಅಭ್ಯಾಸದ ವಿಷಯ, ಸಣ್ಣ ಉಪಾಯದಿಂದ ಬಗೆಹರಿಯುವಂಥದ್ದು. ರಾತ್ರಿ ಹನ್ನೊಂದರ ಮೇಲಿನ ಸಂಗೀತ ಮಾತ್ರ ನಡವಳಿಕೆಯ ವಿಷಯ, ಅದರಲ್ಲಿ ತಾವು ಗಟ್ಟಿಯಾಗಿ ನಿಲ್ಲಬಹುದು. ಈ ಮೂರನ್ನೂ "ಗಲಾಟೆ" ಎಂಬ ಒಂದೇ ಮಾತಿನಲ್ಲಿ ಮೇಲಿನವರ ಮುಂದಿಟ್ಟರೆ ಅವರು ಸುಲಭವಾಗಿ ಉತ್ತರಿಸಬಹುದಾದ ಮೊದಲನೆಯದನ್ನೇ ಹಿಡಿದುಕೊಂಡು, ಉತ್ತರವಿಲ್ಲದ ಮೂರನೆಯದರಿಂದ ತಪ್ಪಿಸಿಕೊಳ್ಳುತ್ತಾರೆ. "ನಡೆಯಲೂ ಬಾರದೇ?" ಎಂದು ಅವರು ಕೇಳಿದ್ದು ಹೀಗೆಯೇ.

ಕೆಳಗಿನವರಿಗೆ ಎರಡು ವಾರಗಳ ಕಾಲ ಒಂದು ದಿನಚರಿ ಬರೆಯಲು ಹೇಳಿ: ದಿನಾಂಕ, ಸದ್ದು ಶುರುವಾದ ಹೊತ್ತು, ನಿಂತ ಹೊತ್ತು, ಯಾವ ಬಗೆಯ ಸದ್ದು, ಯಾವ ಕೋಣೆಯಲ್ಲಿ ಕೇಳಿಸಿತು, ಅದರಿಂದ ಏನು ಕೆಟ್ಟಿತು. "ಅಸಹನೀಯ", "ಮಿತಿಮೀರಿದ" ಮುಂತಾದ ವಿಶೇಷಣಗಳು ಬೇಡ. ಈ ದಿನಚರಿಗೆ ಎರಡು ಪ್ರಯೋಜನಗಳಿವೆ. ನಿಜವಾದ ತೊಂದರೆಯಾಗಿದ್ದರೆ ಅದು ಮುಂದೆ ಯಾವುದೇ ಪ್ರಾಧಿಕಾರದ ಮುಂದೆ ನಿಲ್ಲಬಲ್ಲ ದಾಖಲೆಯಾಗುತ್ತದೆ. ಸಿಟ್ಟಿನಿಂದ ಹುಟ್ಟಿದ ದೂರಾಗಿದ್ದರೆ ನಾಲ್ಕನೆಯ ದಿನದ ಹೊತ್ತಿಗೆ ಬರವಣಿಗೆ ತಾನಾಗಿಯೇ ನಿಲ್ಲುತ್ತದೆ. ಇಂಥ ಅರ್ಧಕ್ಕೆ ನಿಂತ ದಿನಚರಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಅದೇ ಅವಧಿಯಲ್ಲಿ ತಾವೂ ಎರಡು ಸಂಜೆ, ಒಂದು ತಡರಾತ್ರಿ ಕೆಳಗಿನ ಮನೆಯಲ್ಲಿ ಹೋಗಿ ಕುಳಿತುಕೊಳ್ಳಿ. ಇನ್ನೊಂದು ದಿನ ಮುಂಚಿತವಾಗಿ ತಿಳಿಸಿ ಮೇಲಿನ ಮನೆಗೂ ಹೋಗಿ, ಅವರ ಮಾತನ್ನು ಪೂರ್ತಿ ಕೇಳಿ. ಮಾಲೀಕರು ಮಾಡುವ ಸಾಮಾನ್ಯ ತಪ್ಪೆಂದರೆ ಅಂಚೆಯಾಳಿನಂತೆ ಒಬ್ಬರ ಸಿಟ್ಟನ್ನು ಇನ್ನೊಬ್ಬರಿಗೆ ಹಾಗೆಯೇ ತಲುಪಿಸುವುದು. ದೂರು ಕೊಟ್ಟವರು ಯಾರೆಂದು ಹೇಳುವ ಅಗತ್ಯವೂ ಇಲ್ಲ. ನಾಲ್ಕೇ ಮನೆಗಳಿರುವಲ್ಲಿ ಅವರು ಊಹಿಸಿಯೇ ಊಹಿಸುತ್ತಾರೆ ಎಂಬುದು ಬೇರೆ ಮಾತು, ಆದರೂ ಆ ಹೆಸರು ತಮ್ಮ ಬಾಯಿಂದ ಬರಬಾರದು.

ಒಂದು ಎಚ್ಚರಿಕೆ. ಕೂಗಾಟ, ಅಳು, ವಸ್ತುಗಳನ್ನು ಎಸೆದ ಸದ್ದು, ಯಾರನ್ನೋ ಹೊಡೆದಂಥ ಸದ್ದು ದಿನಚರಿಯಲ್ಲಿ ಪದೇ ಪದೇ ಕಾಣಿಸಿದರೆ ಅದನ್ನು ಗದ್ದಲದ ದೂರೆಂದು ನೋಡಬೇಡಿ. ಆ ಮನೆಯೊಳಗೆ ಯಾರಿಗೋ ಅಪಾಯವಿರಬಹುದು. ಅಲ್ಲಿ ಬೇಕಾದದ್ದು ಸಹಾಯ, ನೋಟಿಸ್ ಅಲ್ಲ.

ಬಾಡಿಗೆ ತಡವಾಗುತ್ತಿರುವುದನ್ನು ಈ ವಿಷಯದೊಂದಿಗೆ ಬೆರೆಸಬೇಡಿ. ಅದಕ್ಕೆ ಬೇರೆಯದೇ ಪತ್ರ, ಬೇರೆಯದೇ ದಿನ. ಎರಡನ್ನೂ ಒಂದೇ ಕಾಗದದಲ್ಲಿ ಬರೆದರೆ ತಾವು ಹಣಕ್ಕಾಗಿ ಸದ್ದಿನ ನೆಪ ಹುಡುಕುತ್ತಿದ್ದೀರಿ ಎಂದು ಅವರು ವಾದಿಸಲು ತಾವೇ ದಾರಿ ಮಾಡಿಕೊಟ್ಟಂತೆ ಆಗುತ್ತದೆ.

ಎರಡನೆಯ ಉತ್ತರ: ಕಟ್ಟಡಗಳ ಧ್ವನಿ ನಿಯಂತ್ರಣದ ಕೆಲಸ ಮಾಡುವವರು

ಮೇಲಿನ ಉತ್ತರದಲ್ಲಿ ಹೇಳಿದ ಮೂರು ಸದ್ದುಗಳು ಕೆಳಗಿನ ಮನೆಗೆ ತಲುಪುವ ದಾರಿಯೂ ಬೇರೆ ಬೇರೆ. ಮಾತು, ಟಿ.ವಿ., ಹಾಡು ಇವು ಮೊದಲು ಗಾಳಿಯನ್ನು ಅಲುಗಿಸಿ, ಆ ಗಾಳಿ ಗೋಡೆಯನ್ನು ಅಲುಗಿಸಿ, ಗೋಡೆ ಆಚೆ ಬದಿಯ ಗಾಳಿಯನ್ನು ಅಲುಗಿಸಿ ಕಿವಿಗೆ ಬರುತ್ತವೆ. ಹೆಜ್ಜೆ, ಕುರ್ಚಿ, ಕೆಳಗೆ ಬಿದ್ದ ಪಾತ್ರೆ ಇವು ನೇರವಾಗಿ ನೆಲಕ್ಕೇ ಪೆಟ್ಟು ಕೊಡುತ್ತವೆ. ಕೆಳಗಿನವರ ಪಾಲಿಗೆ ಅವರ ಇಡೀ ಚಾವಣಿಯೇ ತಮಟೆಯ ಚರ್ಮವಾಗುತ್ತದೆ. ಮೊದಲನೆಯ ಬಗೆಯನ್ನು ಗೋಡೆಯ ತೂಕ ತಡೆಯುತ್ತದೆ, ಸ್ಥೂಲವಾಗಿ ಗೋಡೆಯ ತೂಕ ಎರಡು ಪಟ್ಟಾದರೆ 6 ಡೆಸಿಬೆಲ್‌ನಷ್ಟು ಹೆಚ್ಚು ಸದ್ದು ತಡೆಯುತ್ತದೆ. ಎರಡನೆಯದಕ್ಕೆ ತೂಕಕ್ಕಿಂತ ಮೆತ್ತನೆಯ ಮೇಲ್ಮೈ ಮುಖ್ಯ: ಪೆಟ್ಟು ಕಾಂಕ್ರೀಟಿಗೆ ತಲುಪುವ ಮೊದಲೇ ಅದನ್ನು ಹೀರಬೇಕು. ಒಮ್ಮೆ ಅದು ಕಟ್ಟಡದೊಳಗೆ ಇಳಿದ ಮೇಲೆ ತೊಲೆ, ಕಂಬ, ಗೋಡೆಗಳ ಮೂಲಕ ಎಲ್ಲಿ ಬೇಕಾದರೂ ಹೊರಡಬಹುದು.

ಸಂಗೀತದ ಢಂಢಂ ಇನ್ನೂ ಕಷ್ಟದ್ದು. ಅದು ತಗ್ಗಿನ ಸ್ವರ; 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಆವರ್ತನದ ಅಂಥ ಸದ್ದಿನ ತರಂಗಾಂತರ ಸುಮಾರು 7 ಮೀಟರ್. ಸಾಮಾನ್ಯ ಗೋಡೆಗಳು ಅದನ್ನು ಹೆಚ್ಚಾಗಿ ತಡೆಯಲಾರವು. ಹಾಗಾಗಿಯೇ ಹಾಡಿನ ಸಾಹಿತ್ಯ ಕೇಳಿಸದಿದ್ದರೂ ತಾಳ ಮಾತ್ರ ಕೆಳಗೆ ಇಳಿಯುತ್ತದೆ. ಮೇಲಿನ ಮನೆಯಲ್ಲಿ ನಿಂತವರಿಗೆ "ಇಷ್ಟು ಮೆಲ್ಲಗೆ ಇಟ್ಟಿದ್ದೇವಲ್ಲ" ಎಂದು ಅನಿಸುವುದು ಸುಳ್ಳಲ್ಲ, ಕೆಳಗೆ ಮಲಗಿದವರಿಗೆ ನಿದ್ದೆ ಬಾರದಿರುವುದೂ ಸುಳ್ಳಲ್ಲ. ಸ್ಪೀಕರನ್ನು ನೆಲದ ಮೇಲೆ ಅಥವಾ ಗೋಡೆಗೆ ತಾಗಿಸಿ ಇಟ್ಟಿದ್ದರೆ ಅದನ್ನು ಗೋಡೆಯಿಂದ ಸರಿಸಿ, ರಬ್ಬರ್ ಅಥವಾ ದಪ್ಪ ಫೋಮಿನ ಮೇಲೆ ಇಡಿಸಿ, ಬೇಸ್ ಗುಂಡಿಯನ್ನು ಇಳಿಸಲು ಹೇಳಿ. ಇದಕ್ಕೆ ಖರ್ಚೇ ಇಲ್ಲ.

ಫೋನಿನ ಆ್ಯಪ್ ಬಗ್ಗೆ ಕೇಳಿದ್ದೀರಿ. ಒಂದೇ ಫೋನಿನಲ್ಲಿ, ಒಂದೇ ಜಾಗದಲ್ಲಿ ಇಂದಿಗೂ ನಾಳೆಗೂ ಹೋಲಿಸಿ ನೋಡಲು ಅದನ್ನು ಬಳಸಬಹುದು. ಪ್ರಮಾಣೀಕರಿಸದ ಮೈಕ್ರೋಫೋನಿನ ಅಂಕಿಯನ್ನು ಪುರಾವೆಯೆಂದು ನೆಚ್ಚಬೇಡಿ. ಇನ್ನೊಂದು ತೊಡಕೂ ಇದೆ. ಬಹುತೇಕ ಆ್ಯಪ್‌ಗಳು ಮನುಷ್ಯರ ಕಿವಿಯ ಸೂಕ್ಷ್ಮತೆಗೆ ಹೊಂದುವಂತೆ "ಎ" ತೂಕದ ಮಾಪನವನ್ನು ತೋರಿಸುತ್ತವೆ. ಆ ಮಾಪನ 50 ಹರ್ಟ್ಸ್‌ನ ಸದ್ದನ್ನು ಸುಮಾರು 30 ಡೆಸಿಬೆಲ್ ಕಡಿತ ಮಾಡಿ ಲೆಕ್ಕಕ್ಕೆ ಹಿಡಿಯುತ್ತದೆ. ಅಂದರೆ ತಮ್ಮ ಕೆಳಗಿನ ದಂಪತಿಯನ್ನು ಕಾಡುವ ಢಂಢಂ ಆ ಅಂಕಿಯಲ್ಲಿ ಕಾಣಿಸದೆಯೇ ಹೋಗಬಹುದು, ಮೇಲಿನವರು ಅದೇ ಅಂಕಿಯನ್ನು ತಮಗೆ ತಿರುಗಿಸಿ ತೋರಿಸಬಹುದು.

ಹೋಲಿಕೆಗೆ ಒಂದು ಅಳತೆಗೋಲು ಬೇಕೆಂದರೆ, ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿಯ ಪ್ರಕಾರ ಮಲಗುವ ಕೋಣೆಯೊಳಗೆ ರಾತ್ರಿಯ ಸರಾಸರಿ ಸದ್ದು 30 ಡೆಸಿಬೆಲ್ ಮೀರಬಾರದು, ಬಿಡಿ ಬಿಡಿಯಾಗಿ ಬರುವ ಸದ್ದುಗಳು 45ನ್ನು ದಾಟಬಾರದು. ಡೆಸಿಬೆಲ್ ಸಾಮಾನ್ಯ ಅಂಕಗಣಿತದಂತೆ ನಡೆಯುವುದಿಲ್ಲ ಎಂಬುದನ್ನೂ ನೆನಪಿಡಿ: 10 ಡೆಸಿಬೆಲ್ ಏರಿದರೆ ಧ್ವನಿಯ ಶಕ್ತಿ ಹತ್ತು ಪಟ್ಟು, ಕಿವಿಗೆ ಅದು ಹೆಚ್ಚುಕಡಿಮೆ ಎರಡು ಪಟ್ಟು ಜೋರು. ಹಣ ಖರ್ಚು ಮಾಡಲು ಸಿದ್ಧರಿದ್ದರೆ ತಜ್ಞರು ತಟ್ಟುವ ಯಂತ್ರವೊಂದನ್ನು ತರುತ್ತಾರೆ. ಅದರಲ್ಲಿ ತಲಾ 500 ಗ್ರಾಮಿನ ಐದು ಸುತ್ತಿಗೆಗಳು 4 ಸೆಂಟಿಮೀಟರ್ ಎತ್ತರದಿಂದ ಸೆಕೆಂಡಿಗೆ ಹತ್ತು ಬಾರಿ ನೆಲವನ್ನು ಬಡಿಯುತ್ತವೆ, ಕೆಳಗಿನ ಕೋಣೆಯಲ್ಲಿ ಸದ್ದನ್ನು ಅಳೆಯುತ್ತಾರೆ. ಅದು ಬಾಡಿಗೆದಾರರನ್ನು ಪರೀಕ್ಷಿಸುವುದಿಲ್ಲ, ತಮ್ಮ ನೆಲವನ್ನು ಪರೀಕ್ಷಿಸುತ್ತದೆ.

ಇಷ್ಟೆಲ್ಲ ಹೇಳಲು ಕಾರಣವಾದ ನನ್ನ ಪ್ರಶ್ನೆ ಒಂದೇ. ಆರು ವರ್ಷ ಸುಮ್ಮನಿದ್ದವರು ಎಂಟು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ದೂರಲು ಶುರುಮಾಡಿದ್ದಾರೆ. ಆ ಹೊತ್ತಿಗೆ ಬಾಡಿಗೆದಾರರಲ್ಲದೆ ಮೇಲಿನ ಮನೆಯಲ್ಲಿ ಇನ್ನೇನಾದರೂ ಬದಲಾಯಿತೇ?

ಪ್ರಶ್ನೆ ಕೇಳಿದವರು

ತಮ್ಮ ಕೊನೆಯ ಪ್ರಶ್ನೆಯನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹಳೆಯ ಬಾಡಿಗೆದಾರರು ಬಿಟ್ಟ ಮೇಲೆ ಮನೆಗೆ ಬಣ್ಣ ಬಳಿಸಿದೆ, ಜೊತೆಗೆ ಎರಡು ಕೋಣೆಗಳಲ್ಲೂ ಹಜಾರದಲ್ಲೂ ಇದ್ದ ಹಳೆಯ ದಪ್ಪ ಕಾರ್ಪೆಟ್ ಕಿತ್ತುಹಾಕಿಸಿ ಟೈಲ್ಸ್ ಹಾಕಿಸಿದೆ. ಮನೆ ಹೊಸದರಂತೆ ಕಾಣಲಿ, ಬಾಡಿಗೆ ತುಸು ಹೆಚ್ಚು ಬರಲಿ ಎಂಬುದಷ್ಟೇ ನನ್ನ ಆಲೋಚನೆಯಾಗಿತ್ತು. ಟೈಲ್ಸ್ ಅಡಿಯಲ್ಲಿ ಮೆತ್ತನೆಯದೇನನ್ನೂ ಹಾಕಿಸಿಲ್ಲ. ಇದನ್ನು ಮೊದಲೇ ಬರೆಯಬೇಕಿತ್ತು. ಇದಕ್ಕೂ ದೂರಿಗೂ ಸಂಬಂಧವಿದೆಯೆಂದು ಹೊಳೆದೇ ಇರಲಿಲ್ಲ.

ಎರಡನೆಯ ಉತ್ತರ ಬರೆದವರು

ಸಂಬಂಧ ಖಂಡಿತ ಇದೆ. ಅಡಿಯಲ್ಲಿ ಪದರವಿಲ್ಲದೆ ನೇರವಾಗಿ ಕಾಂಕ್ರೀಟಿಗೆ ಅಂಟಿಸಿದ ಟೈಲ್ಸ್ ಪೆಟ್ಟಿನ ಸದ್ದಿನ ಮಟ್ಟಿಗೆ ಅತಿ ಕಳಪೆ ನೆಲಗಳಲ್ಲಿ ಒಂದು, ದಪ್ಪ ಕಾರ್ಪೆಟ್ ಅತ್ಯುತ್ತಮವಾದವುಗಳಲ್ಲಿ ಒಂದು. ಮೊದಲಿದ್ದ ಕುಟುಂಬದ ಮಕ್ಕಳೂ ಇಷ್ಟೇ ಓಡಾಡಿರಬಹುದು, ಕೆಳಗೆ ಕೇಳಿಸಿರಲಿಕ್ಕಿಲ್ಲ. ಟೈಲ್ಸ್ ಕೀಳಬೇಕಿಲ್ಲ. ಮಕ್ಕಳು ಹೆಚ್ಚು ಓಡಾಡುವ ಹಜಾರಕ್ಕೂ ಕೆಳಗಿನವರ ಮಲಗುವ ಕೋಣೆಯ ಮೇಲ್ಭಾಗಕ್ಕೂ ಅಡಿಪದರವಿರುವ ದಪ್ಪ ನೆಲಹಾಸನ್ನು ತಾವೇ ಕೊಂಡು ಹಾಸಿಸಿ; ಕುರ್ಚಿ, ಮೇಜುಗಳ ಕಾಲಿಗೆ ಫೆಲ್ಟ್ ಬಿಲ್ಲೆಗಳನ್ನು ಅಂಟಿಸಿ. ಫೆಲ್ಟ್ ಸವೆಯುತ್ತದೆ, ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ಇಷ್ಟರಿಂದ ಸಾಲದಿದ್ದರೆ ಮಾತ್ರ ಕೆಳಗಿನ ಮನೆಗೆ ಸ್ಪ್ರಿಂಗ್ ಅಥವಾ ರಬ್ಬರ್ ತೂಗುಕೊಂಡಿಗಳ ಮೇಲೆ ನಿಲ್ಲುವ ಎರಡನೆಯ ಚಾವಣಿಯ ಬಗ್ಗೆ ಯೋಚಿಸಿ. ಅದು ದುಬಾರಿ, ಗಾಳಿಯಾಡದಂತೆ ಪೂರ್ತಿ ಮುಚ್ಚದಿದ್ದರೆ ವ್ಯರ್ಥವೂ ಹೌದು. ಕೋಳಿಮೊಟ್ಟೆಯ ಟ್ರೇಯಂತೆ ಕಾಣುವ ಫೋಮನ್ನು ಕೆಳಗಿನವರ ಚಾವಣಿಗೆ ಅಂಟಿಸಲು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಅದು ಕೋಣೆಯೊಳಗಿನ ಪ್ರತಿಧ್ವನಿಯನ್ನು ಕಡಿಮೆ ಮಾಡುತ್ತದೆ, ಮೇಲಿನಿಂದ ಬರುವ ಪೆಟ್ಟನ್ನು ತಡೆಯುವುದಿಲ್ಲ.

ಮೂರನೆಯ ಉತ್ತರ: ಒಮ್ಮೆ "ತಂಟೆಕೋರ" ಬಾಡಿಗೆದಾರ ಎನಿಸಿಕೊಂಡವರು

ಇನ್ನೊಂದು ಬದಿಯಿಂದ ಒಂದು ಮಾತು. ಕೆಲವು ವರ್ಷಗಳ ಹಿಂದೆ ನಾನಿದ್ದ ಬಾಡಿಗೆ ಮನೆಯಲ್ಲಿ ರಾತ್ರಿ ಎರಡಕ್ಕೆ ನಾನು ಗೋಡೆಗೆ ಏನೋ ಬಡಿಯುತ್ತೇನೆಂದು ಪಕ್ಕದವರು ಸತತವಾಗಿ ದೂರಿದರು. ಮಾಲೀಕರು ನನಗೆ ಮೂರು ಪತ್ರ ಬರೆದರು, ಒಮ್ಮೆಯೂ ಬಂದು ನೋಡಲಿಲ್ಲ. ನಾನು ಆ ಹೊತ್ತಿಗೆ ಕೆಲಸದಲ್ಲಿರುತ್ತಿದ್ದೆ, ಮನೆಗೆ ಬೀಗ ಹಾಕಿರುತ್ತಿತ್ತು. ಕೊನೆಗೆ ತಿಳಿದದ್ದು, ಗೋಡೆಯೊಳಗಿನ ನೀರಿನ ಕೊಳವೆಯ ಹಿಡಿಕೆ ಸಡಿಲವಾಗಿ, ಎರಡು ಅಂತಸ್ತು ಮೇಲೆ ಯಾರೋ ನಲ್ಲಿ ನಿಲ್ಲಿಸಿದಾಗಲೆಲ್ಲ ಕೊಳವೆ ಗೋಡೆಗೆ ಬಡಿಯುತ್ತಿತ್ತು. ದುರಸ್ತಿಗೆ ಹಿಡಿದದ್ದು ಅರ್ಧ ಗಂಟೆ. ಅಷ್ಟರಲ್ಲಿ ನಾನು ಬೇರೆ ಮನೆ ನೋಡಿಕೊಂಡಾಗಿತ್ತು.

ನಾನೂ ಆ ಪತ್ರಗಳಿಗೆ ಒರಟಾಗಿಯೇ ಉತ್ತರಿಸಿದ್ದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಮಾಡದ ತಪ್ಪಿಗೆ ಮೂರನೆಯ ಬಾರಿ ವಿವರಣೆ ಕೊಡಬೇಕಾಗಿ ಬಂದವರ ದನಿ ಏರುವುದು ಸಹಜ. ತಮ್ಮ ಮೇಲ್ಮನೆಯವರು ಕೂಗಾಡಿದರೆಂಬುದನ್ನು ಓದಿದಾಗ ಇದು ನೆನಪಾಯಿತು. ಹಾಗೆಂದು ರಾತ್ರಿ ಹನ್ನೊಂದರ ಸಂಗೀತಕ್ಕೆ ನನ್ನ ಬೆಂಬಲವಿಲ್ಲ.

ನಾಲ್ಕನೆಯ ಉತ್ತರ: ಬಾಡಿಗೆ ಕರಾರುಗಳನ್ನು ಬರೆದುಕೊಡುವ ವಕೀಲರು

ಬಾಡಿಗೆ ಕಾನೂನು ಒಂದೊಂದು ಕಡೆ ಒಂದೊಂದು ಬಗೆ. ನೋಟಿಸಿನ ಅವಧಿ, ತೆರವಿಗೆ ಒಪ್ಪುವ ಕಾರಣಗಳು, ಎಲ್ಲಿ ದಾವೆ ಹೂಡಬೇಕು ಎಂಬುದನ್ನು ತಮ್ಮಲ್ಲಿನ ವಕೀಲರೇ ಹೇಳಬೇಕು. ಆದರೂ ಕೆಲವು ಮಾತುಗಳು ಹೆಚ್ಚು ಕಡೆ ಸಲ್ಲುತ್ತವೆ.

ಬಾಡಿಗೆದಾರರಿಗೆ ಮನೆಯನ್ನು ನಿರಾತಂಕವಾಗಿ ಅನುಭೋಗಿಸುವ ಹಕ್ಕಿದೆ ಎಂಬ ತತ್ವವನ್ನು ಇಂಗ್ಲಿಷ್ ಕಾನೂನಿನ ಪರಂಪರೆಯ ದೇಶಗಳಲ್ಲಿ ಕರಾರಿನಲ್ಲಿ ಬರೆಯದಿದ್ದರೂ ಸಾಮಾನ್ಯವಾಗಿ ಇದೆಯೆಂದೇ ಭಾವಿಸಲಾಗುತ್ತದೆ. ಕೆಳಗಿನವರು ಬಾಡಿಗೆ ಹಿಡಿಯುವ ಮಾತಾಡುತ್ತಿರುವುದರ ಹಿಂದೆ ಇಂಥದೊಂದು ಭಾವನೆಯಿದೆ. ಆದರೆ ಈ ಹಕ್ಕಿಗೂ ಗಡಿಯುಂಟು. ಲಂಡನ್ನಿನ ಸದರ್ಕ್ ಸ್ಥಳೀಯಾಡಳಿತದ ವಿರುದ್ಧ ಅದರ ಬಾಡಿಗೆದಾರರು ಹೂಡಿದ್ದ ಮೊಕದ್ದಮೆಯಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1999ರಲ್ಲಿ ಕೊಟ್ಟ ತೀರ್ಪನ್ನು ನೋಡಿ. ಹಳೆಯ ಕಟ್ಟಡ, ಧ್ವನಿ ತಡೆಯೇ ಇಲ್ಲ, ಪಕ್ಕದ ಮನೆಯವರ ದೈನಂದಿನ ಬದುಕಿನ ಸದ್ದೆಲ್ಲ ಕೇಳುತ್ತದೆ ಎಂಬುದು ದೂರು. ಆ ತೊಂದರೆ ನಿಜವೆಂದು ಒಪ್ಪಿಕೊಂಡೂ, ಮನೆಯನ್ನು ಸಹಜವಾಗಿ ಬಳಸುವಾಗ ಹುಟ್ಟುವ ಸದ್ದು ಕಾನೂನಿನ ಅರ್ಥದ ಪೀಡೆ (ನ್ಯೂಸೆನ್ಸ್) ಅಲ್ಲವೆಂದೂ, ಬಾಡಿಗೆಗೆ ಕೊಡುವ ಮೊದಲೇ ಕಟ್ಟಡದಲ್ಲಿದ್ದ ಕೊರತೆಗೆ ಈ ತತ್ವದಡಿ ಮಾಲೀಕರು ಹೊಣೆಯಲ್ಲವೆಂದೂ ನ್ಯಾಯಾಲಯ ಹೇಳಿತು. ಈ ತೀರ್ಪಿನಿಂದ ತಮಗೆ ಎರಡು ಪಾಠಗಳಿವೆ. ಮಕ್ಕಳ ಹೆಜ್ಜೆಯ ಸದ್ದನ್ನೇ ಆಧಾರವಾಗಿಟ್ಟುಕೊಂಡು ಮೇಲಿನವರನ್ನು ಬಿಡಿಸಲು ಹೊರಟರೆ ಗೆಲ್ಲುವುದು ಕಷ್ಟ. ಮಕ್ಕಳಿರುವ ಕುಟುಂಬವೆಂಬ ಕಾರಣಕ್ಕೆ ಭೇದ ಮಾಡುವುದು ಕೆಲವು ದೇಶಗಳಲ್ಲಿ ಕಾನೂನುಬಾಹಿರವೂ ಹೌದು. ಎರಡನೆಯದಾಗಿ, ತಮ್ಮ ಟೈಲ್ಸ್ ಕೆಳಗಿನವರು ಮನೆ ಹಿಡಿದ ಮೇಲೆ ಬಂದದ್ದು, ಮೊದಲಿನಿಂದ ಇದ್ದ ಕೊರತೆಯಲ್ಲ. ಅವರ ವಕೀಲರು ಈ ವ್ಯತ್ಯಾಸವನ್ನು ಗಮನಿಸದೇ ಇರುವುದಿಲ್ಲ.

ಸಂಗೀತದ ವಿಷಯಕ್ಕೆ ಮಾತ್ರ ಲಿಖಿತ ನೋಟಿಸ್ ಕೊಡಿ. ಅದರಲ್ಲಿ ಕರಾರಿನ ಷರತ್ತಿನ ಸಂಖ್ಯೆ, ದಿನಚರಿಯಿಂದ ಆರಿಸಿದ ನಾಲ್ಕೈದು ದಿನಾಂಕ ಹಾಗೂ ಹೊತ್ತು, ಏನನ್ನು ನಿಲ್ಲಿಸಬೇಕು, ಎಂದಿನಿಂದ ನಿಲ್ಲಿಸಬೇಕು, ನಿಲ್ಲಿಸದಿದ್ದರೆ ಕರಾರಿನ ಪ್ರಕಾರ ಮುಂದೇನು ಎಂಬುದಿರಲಿ. ಸ್ವಭಾವದ ಬಗ್ಗೆ, ಸಂಸ್ಕಾರದ ಬಗ್ಗೆ ಒಂದಕ್ಷರವೂ ಬೇಡ. ತಲುಪಿದ್ದಕ್ಕೆ ಸ್ವೀಕೃತಿ ಇಟ್ಟುಕೊಳ್ಳಿ. ನೆಲಹಾಸು ಹಾಕಿಸಿದ ರಸೀದಿಯನ್ನೂ ಅದೇ ಕಡತದಲ್ಲಿಡಿ, ಏಕೆಂದರೆ ಮಾಲೀಕರು ತಮ್ಮ ಪಾಲಿನದನ್ನು ಮಾಡಿದ್ದಾರೆ ಎಂಬುದಕ್ಕೆ ಅದೇ ಪುರಾವೆ.

ಮುಂದೆ ಕರಾರು ಮುರಿದುಕೊಳ್ಳುವ ಹಂತ ಬಂದರೆ ಒಂದು ಸೂಕ್ಷ್ಮವನ್ನು ಮರೆಯಬೇಡಿ: ಕರಾರು ಮುಗಿಯಿತೆಂದು ನೋಟಿಸ್ ಕೊಟ್ಟ ಮೇಲೂ ಬಾಡಿಗೆಯನ್ನು ಎಂದಿನಂತೆ ಪಡೆಯುತ್ತಾ ಹೋದರೆ, ತಾವೇ ಆ ನೋಟಿಸನ್ನು ಬಿಟ್ಟುಕೊಟ್ಟಿರೆಂದು ವಾದಿಸಲು ಹಲವು ಕಡೆ ಅವಕಾಶವಿದೆ. ಬಾಡಿಗೆ ಬಂದ ದಿನವೇ ವಕೀಲರನ್ನು ಕೇಳಿ.

ಇನ್ನು ಏನೇ ಆದರೂ ಮಾಡಬಾರದ್ದು: ಬೀಗ ಬದಲಿಸುವುದು, ನೀರು ಅಥವಾ ವಿದ್ಯುತ್ ನಿಲ್ಲಿಸುವುದು, ಸಾಮಾನು ಹೊರಗಿಡುವುದು, ತಿಳಿಸದೆ ಒಳನುಗ್ಗುವುದು. ತಾವು ಸರಿಯಿರುವ ಪ್ರಕರಣವನ್ನು ತಾವೇ ಕೈಯಾರೆ ಸೋಲುವ ದಾರಿ ಇದು. ಠೇವಣಿಯಿಂದ "ಗದ್ದಲದ ದಂಡ" ಕಡಿತ ಮಾಡುವ ಆಲೋಚನೆಯೂ ಬೇಡ. ಠೇವಣಿ ಇರುವುದು ಬಾಕಿ ಬಾಡಿಗೆಗೆ, ಮನೆಗೆ ಆದ ಹಾನಿಗೆ.

"ತೊಂದರೆಯಾಗದಂತೆ ವಾಸಿಸತಕ್ಕದ್ದು" ಎಂಬ ಸಾಲು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ, ಪ್ರತಿಯೊಬ್ಬರೂ ಅದನ್ನು ತಮಗೆ ಬೇಕಾದಂತೆ ಓದಿಕೊಳ್ಳುತ್ತಾರೆ. ಮುಂದಿನ ಕರಾರಿನಲ್ಲಿ ನಿಶ್ಶಬ್ದದ ಅವಧಿ ಎಷ್ಟರಿಂದ ಎಷ್ಟರವರೆಗೆ, ಆ ಅವಧಿಯಲ್ಲಿ ಯಾವ ಉಪಕರಣಗಳನ್ನು ಬಳಸಬಾರದು, ಮೇಲಿನ ಮನೆಗಳಲ್ಲಿ ನೆಲದ ಎಷ್ಟು ಭಾಗಕ್ಕೆ ಹಾಸು ಇರಬೇಕು, ದೂರನ್ನು ಯಾರಿಗೆ ಹೇಗೆ ಕೊಡಬೇಕು ಎಂಬುದನ್ನು ಬಿಡಿಸಿ ಬರೆಯಿರಿ.

ಪ್ರಶ್ನೆ ಕೇಳಿದವರು: ಏಳು ವಾರಗಳ ನಂತರ

ಉತ್ತರಿಸಿದ ಎಲ್ಲರಿಗೂ ಆದ ಬೆಳವಣಿಗೆಯನ್ನು ತಿಳಿಸುವುದು ನನ್ನ ಕರ್ತವ್ಯ. ಒಂದು ಶನಿವಾರ ರಾತ್ರಿ ಕೆಳಗಿನ ಮನೆಯಲ್ಲಿ ಹನ್ನೆರಡರವರೆಗೆ ಕುಳಿತೆ. ಮಕ್ಕಳ ಹೆಜ್ಜೆ ನಾನು ಊಹಿಸಿದ್ದಕ್ಕಿಂತ ಎಷ್ಟೋ ಜೋರಾಗಿ ಕೇಳಿಸಿತು, ಸಂಗೀತ ಊಹಿಸಿದ್ದಕ್ಕಿಂತ ಕಡಿಮೆ. ಮರುವಾರ ಮೇಲಿನ ಮನೆಗೆ ಹೋಗಿ, ಟೈಲ್ಸ್ ಹಾಕಿಸಿದ್ದು ನನ್ನ ತಪ್ಪು ಎಂದು ಮೊದಲಿಗೇ ಹೇಳಿದೆ. ಯಜಮಾನರು ಅದನ್ನು ನಿರೀಕ್ಷಿಸಿರಲಿಲ್ಲ. ಅಲ್ಲಿಂದ ಮುಂದೆ ಮಾತು ಸಲೀಸಾಯಿತು. ಅವರನ್ನು ನಾನೇ ಕೆಳಗೆ ಕರೆದುಕೊಂಡು ಹೋಗಿ, ಮೇಲೆ ಮಕ್ಕಳು ಓಡುವುದನ್ನು ಕೇಳಿಸಿದೆ. ಕೆಳಗಿನ ದಂಪತಿ ಅದಕ್ಕೆ ಒಪ್ಪಿದ್ದರು.

ನೆಲಹಾಸಿನ ಖರ್ಚು ನನ್ನದು. ಸ್ಪೀಕರ್ ಈಗ ಗೋಡೆಯಿಂದ ದೂರ, ರಬ್ಬರಿನ ಮೇಲೆ ಕುಳಿತಿದೆ. ಆದರೂ ಎರಡು ಶನಿವಾರ ಹನ್ನೊಂದರ ಮೇಲೆ ಸಂಗೀತ ಮುಂದುವರಿದದ್ದರಿಂದ ಆ ಒಂದು ವಿಷಯಕ್ಕೆ ಮಾತ್ರ ಲಿಖಿತ ನೋಟಿಸ್ ಕೊಟ್ಟೆ, ಅನಂತರ ನಿಂತಿದೆ. ಬಾಡಿಗೆ ಈ ತಿಂಗಳೂ ಒಂಬತ್ತು ದಿನ ತಡ. ಅವರಿಗೆ ಸಂಬಳ ಬರುವ ದಿನವೇ ಬದಲಾಗಿದೆಯಂತೆ, ಹಾಗಾಗಿ ಬಾಡಿಗೆ ಕೊಡುವ ದಿನಾಂಕವನ್ನು ಬದಲಿಸಿ ಪ್ರತ್ಯೇಕ ಪತ್ರ ಮಾಡಿಕೊಂಡಿದ್ದೇವೆ. ಬೇಕೆಂದೇ ತಡ ಮಾಡುತ್ತಿದ್ದಾರೆಂಬ ನನ್ನ ಊಹೆ ಅಲ್ಲಿಗೆ ಬಿದ್ದುಹೋಯಿತು.

ಕೆಳಗಿನವರ ದಿನಚರಿಯಲ್ಲಿ ಕಳೆದ ಎರಡು ವಾರಗಳಲ್ಲಿ ಮೂರು ನಮೂದುಗಳಿವೆ, ಮೂರೂ ಅಡುಗೆಮನೆಯ ಕುರ್ಚಿಯವು. ಫೆಲ್ಟ್ ಬಿಲ್ಲೆ ಕಿತ್ತುಬಂದಿರಬೇಕು. ಭಾನುವಾರ ಹೋಗಿ ಬದಲಿಸುತ್ತೇನೆ.